ಮನೆ ನಮ್ಮದು, ಬೀಗದ ಕೈ ಏಜೆಂಟ್ ಹತ್ತಿರ: ಬಾಡಿಗೆ ಮನೆ ನಾವೇ ನೋಡಿಕೊಳ್ಳಬಹುದಾ?

ಪ್ರಶ್ನೆ: ನಮ್ಮ ಯಜಮಾನರು ನಿವೃತ್ತರಾದ ಮೇಲೆ ನಾವು ಶಿವಮೊಗ್ಗಕ್ಕೆ ಬಂದುಬಿಟ್ಟೆವು. ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ಇದೆ. ಬಾಡಿಗೆ 22 ಸಾವಿರ. ಒಬ್ಬ ಏಜೆಂಟ್ ನೋಡಿಕೊಳ್ಳುತ್ತಾರೆ. ಹೊಸಬರು ಬಂದಾಗ ಅವರಿಗೆ ಒಂದು ತಿಂಗಳ ಬಾಡಿಗೆ ಕಮಿಷನ್. 11 ತಿಂಗಳಿಗೊಮ್ಮೆ ಅಗ್ರಿಮೆಂಟ್ ಹೊಸದು ಮಾಡಿಸಿದಾಗ ಅರ್ಧ ತಿಂಗಳದ್ದು. ರಿಪೇರಿ ಬಿಲ್ ಬೇರೆ. ಬಾಡಿಗೆಯವರ ಫೋನ್ ನಂಬರ್ ಕೂಡ ನಮ್ಮ ಹತ್ತಿರ ಇಲ್ಲ. ಇನ್ನು ನಾವೇ ನೋಡಿಕೊಳ್ಳೋಣ ಅಂತ ನಾನು. ದೂರದಲ್ಲಿ ಕೂತು ಆಗುವ ಕೆಲಸ ಅಲ್ಲ ಅಂತ ಇವರು. ಯಾರ ಮಾತು ಸರಿ?
– ಓದುಗರು, ಶಿವಮೊಗ್ಗ

ಉತ್ತರ: ನಿಮ್ಮದೇ ಸರಿ ಮೇಡಂ. ಆದರೆ ಯಜಮಾನರ ಮಾತಿನಲ್ಲೂ ಕಾಲುಭಾಗ ನಿಜ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಏಜೆಂಟ್ ಮಾಡುವ ಕೆಲಸದಲ್ಲಿ ದುಡ್ಡು ಕೊಡಬೇಕಾದ್ದು ಒಂದೇ. ಮನೆ ಖಾಲಿ ಆದಾಗ ಬಂದವರಿಗೆಲ್ಲ ಬೀಗ ತೆಗೆದು ತೋರಿಸಿ, ಒಳ್ಳೆಯವರನ್ನು ಹುಡುಕಿ ಕೊಡುವುದು. ಅದು ನಿಜಕ್ಕೂ ಓಡಾಟದ ಕೆಲಸ. ಆದರೆ ಇರುವ ಬಾಡಿಗೆಯವರಿಗೇ ಹಳೇ ಅಗ್ರಿಮೆಂಟಿನ ತಾರೀಕು, ಮೊತ್ತ ಬದಲಾಯಿಸಿ ಪ್ರಿಂಟ್ ತೆಗೆಯಲು 11 ಸಾವಿರ ರೂಪಾಯಿ ಯಾಕೆ? ಇ-ಸ್ಟ್ಯಾಂಪ್, ಟೈಪಿಂಗ್, ನೋಟರಿ ಎಲ್ಲ ಸೇರಿಸಿದರೂ ಖರ್ಚಾಗುವುದು ಅದರ ಒಂದು ಸಣ್ಣ ಪಾಲು ಮಾತ್ರ.

ನಿಮ್ಮ ಪತ್ರದಲ್ಲಿ ನನಗೆ ಕಮಿಷನ್‌ಗಿಂತ ಜಾಸ್ತಿ ಚುಚ್ಚಿದ್ದು ಬೇರೆ. ಬಾಡಿಗೆಯವರ ಫೋನ್ ನಂಬರ್ ನಿಮ್ಮ ಹತ್ತಿರ ಇಲ್ಲ ಅಂದಿರಲ್ಲ, ಅದು. ಬೆಂಗಳೂರಿನಲ್ಲಿ ಒಂದು ಮೋಸ ಹಲವು ಸಲ ಪೊಲೀಸ್ ಮೆಟ್ಟಿಲು ಹತ್ತಿದೆ. ಮನೆ ನಾವು ನೋಡಿಕೊಳ್ಳುತ್ತೇವೆ, ತಿಂಗಳು ತಿಂಗಳು ಬಾಡಿಗೆ ನಿಮ್ಮ ಖಾತೆಗೆ ಬೀಳುತ್ತದೆ ಅಂತ ಮಾಲೀಕರಿಂದ ಮನೆ ತೆಗೆದುಕೊಳ್ಳುತ್ತಾರೆ. ಅದೇ ಮನೆಯನ್ನು ಬೇರೆಯವರಿಗೆ ಲಕ್ಷಗಟ್ಟಲೆ ದುಡ್ಡಿಗೆ ಭೋಗ್ಯಕ್ಕೆ, ಅಂದರೆ ಲೀಸ್‌ಗೆ ಹಾಕುತ್ತಾರೆ. ಒಂದಷ್ಟು ತಿಂಗಳು ಆ ದುಡ್ಡಿನಲ್ಲೇ ಮಾಲೀಕರಿಗೆ ಬಾಡಿಗೆ ಕಟ್ಟಿ, ಆಮೇಲೆ ಅಂಗಡಿ ಮುಚ್ಚಿಕೊಂಡು ಮಾಯ. ಮಾಲೀಕರಿಗೆ ಬಾಡಿಗೆ ನಿಲ್ಲುತ್ತದೆ. ಒಳಗಿರುವವರು ನಮ್ಮ ಲಕ್ಷಗಳು ವಾಪಸ್ ಬರದೆ ಕದಲುವುದಿಲ್ಲ ಅನ್ನುತ್ತಾರೆ. ಅವರೂ ಮೋಸ ಹೋದವರೇ, ಪಾಪ. ನಿಮ್ಮ ಏಜೆಂಟ್ ಅಂಥವರು ಅಂತ ನಾನು ಹೇಳುತ್ತಿಲ್ಲ. ಆದರೆ ಈ ವಾರವೇ ಒಂದು ಸಲ ಬೆಂಗಳೂರಿಗೆ ಹೋಗಿ. ಒಳಗೆ ಯಾರಿದ್ದಾರೆ ನೋಡಿ, ಕೂತು ಮಾತಾಡಿ. ಅವರ ಹತ್ತಿರ ಇರುವ ಅಗ್ರಿಮೆಂಟ್ ತೋರಿಸಿ ಅನ್ನಿ. ಮಾಲೀಕರ ಜಾಗದಲ್ಲಿ ಯಾರ ಹೆಸರಿದೆ? ಅಡ್ವಾನ್ಸ್ ಎಷ್ಟು ಕೊಟ್ಟಿದ್ದಾರೆ, ಯಾರ ಖಾತೆಗೆ? ಈ ಮೂರಕ್ಕೂ ನೆಟ್ಟಗೆ ಉತ್ತರ ಸಿಕ್ಕರೆ ಅರ್ಧ ಚಿಂತೆ ಹೋಯಿತು.

ಎಲ್ಲ ಸರಿಯಿದೆ ಅಂತಾದರೆ ಜಗಳ ಮಾಡದೆ ಬಿಡಿಸಿಕೊಳ್ಳಿ. ಏಜೆಂಟ್ ಜೊತೆ ಏನಾದರೂ ಸಹಿ ಮಾಡಿದ್ದರೆ ಅದರಲ್ಲಿ ಎಷ್ಟು ದಿನ ಮುಂಚೆ ಹೇಳಬೇಕು ಅಂತಿದೆ ನೋಡಿ. ಬಾಯಲ್ಲಿ ಹೇಳಿ ಸುಮ್ನಾಗಬೇಡಿ, ಇಮೇಲ್ ಮಾಡಿ. ಅಡ್ವಾನ್ಸ್ ಅವರ ಹತ್ತಿರ ಇದ್ದರೆ ಅದು ಬ್ಯಾಂಕ್ ಮೂಲಕ ನಿಮ್ಮ ಖಾತೆಗೆ ಬರಲಿ. ಇಂಥ ಮೊತ್ತದ ಅಡ್ವಾನ್ಸ್ ಈಗ ಮಾಲೀಕರ ಹತ್ತಿರವೇ ಇದೆ, ಇನ್ನು ಮುಂದೆ ಬಾಡಿಗೆ ಈ ಖಾತೆಗೆ ಹಾಕಬೇಕು ಅಂತ ಬಾಡಿಗೆಯವರಿಗೆ ಒಂದು ಪತ್ರ ಕೊಟ್ಟು, ಅವರಿಂದಲೂ ಸಹಿ ತೆಗೆದುಕೊಳ್ಳಿ. ಎಲ್ಲಾ ಕೀ ವಾಪಸ್ ಪಡೆಯಿರಿ. ಎಷ್ಟು ನಕಲು ಇದೆಯೋ ಯಾರಿಗೆ ಗೊತ್ತು, ಮುಂದಿನ ಸಲ ಮನೆ ಖಾಲಿ ಆದಾಗ ಬೀಗವನ್ನೇ ಬದಲಾಯಿಸಿಬಿಡಿ.

ಇನ್ನು ಅಗ್ರಿಮೆಂಟ್. 11 ತಿಂಗಳಿಗೆ ಮಾಡುವುದು ಯಾಕೆ ಅಂದರೆ, 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಅದನ್ನು ತಪ್ಪಿಸಲು 11. ಅಷ್ಟೇ ವಿಷಯ. ಮಾರುಕಟ್ಟೆಯಲ್ಲಿ ಸಿಗುವ ಸಿದ್ಧ ಪ್ರತಿಯನ್ನು ಹಾಗೇ ಸಹಿ ಮಾಡಬೇಡಿ. ಜಗಳ ಆಗುವುದು ನಾಲ್ಕೈದು ಜಾಗದಲ್ಲಿ ಮಾತ್ರ, ಅವನ್ನು ಬಿಡಿಸಿ ಬರೆಸಿ. ಖಾಲಿ ಮಾಡುವ ಮುಂಚೆ ಎಷ್ಟು ದಿನದ ನೋಟಿಸ್? ಬಲ್ಬು, ನಲ್ಲಿಯ ವಾಷರ್ ಥರದ ಸಣ್ಣ ರಿಪೇರಿ ಎಷ್ಟು ರೂಪಾಯಿವರೆಗೆ ಅವರದು? ಅಪಾರ್ಟ್‌ಮೆಂಟ್ ಮೇಂಟೆನೆನ್ಸ್ ಬಾಡಿಗೆಯಲ್ಲಿ ಸೇರಿದೆಯಾ, ಬೇರೆಯಾ? ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಬೆಂಗಳೂರಿನ ರೂಢಿ. ನನ್ನ ಕೇಳಿದರೆ, ಮೂರು ವರ್ಷ ಇದ್ದು ಹೋಗುವವರಿಂದ ಪೂರ್ತಿ ಹಿಡಿಯುವುದು ಅಷ್ಟೇನೂ ನ್ಯಾಯವಲ್ಲ. ಗೋಡೆ ಅಷ್ಟು ಹೊತ್ತಿಗೆ ಯಾರಿದ್ದರೂ ಮಾಸುತ್ತದೆ. ಏನೇ ಇರಲಿ, ಹಿಡಿಯುವುದಾದರೆ ಎಷ್ಟು ಅಂತ ಮೊದಲೇ ಬರೆಯಿರಿ.

ಕೀ ಕೊಡುವ ದಿನ ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ. ಬಾಡಿಗೆಯವರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಮಾತಾಡುತ್ತಾ ಮೊಬೈಲಿನಲ್ಲಿ ವಿಡಿಯೊ ಮಾಡಿ. ಬರೀ ಗೋಡೆ ತೋರಿಸಿದರೆ ಸಾಲದು. ಪ್ರತಿ ನಲ್ಲಿ ಬಿಟ್ಟು ನಿಲ್ಲಿಸಿ. ಫ್ಲಶ್ ಒತ್ತಿ, ನೀರು ನಿಲ್ಲುವವರೆಗೆ ಕಾಯಿರಿ. ಅಡುಗೆಮನೆ ಸಿಂಕಿನ ಕೆಳಗಿನ ಬಾಗಿಲು ತೆಗೆದು ಪೈಪಿನ ಬುಡಕ್ಕೆ ಕೈ ಹಚ್ಚಿ ತೋರಿಸಿ, ಒದ್ದೆ ಇದೆಯಾ, ಒಣಗಿದೆಯಾ ಅಂತ. ಬಾತ್‌ರೂಮಿನ ಹಿಂಬದಿ ಗೋಡೆಯನ್ನು ಹಾಲಿನ ಕಡೆಯಿಂದ ಹತ್ತಿರ ತೆಗೆಯಿರಿ. ಬಣ್ಣ ಉಬ್ಬಿದ್ದರೆ ಅದು ನೀರು ಜಿನುಗಿದ ಗುರುತು, ಮುಂದೆ ಯಾರ ತಪ್ಪು ಅಂತ ಕಿತ್ತಾಟ ಶುರುವಾಗುವುದು ಅಲ್ಲಿಂದಲೇ. ಬೋರ್‌ವೆಲ್ ನೀರು ಇದ್ದರೆ ಗೀಸರ್ ಒಳಗೆ ಬೇಗ ಉಪ್ಪು ಕಟ್ಟುತ್ತದೆ, ಕಾಯಿಲ್ ಹೋಗುತ್ತದೆ. ಅದಕ್ಕೆ ಬಾಡಿಗೆಯವರನ್ನು ದೂರಬೇಡಿ. ಕೊನೆಗೆ ಕೆಳಗೆ ಹೋಗಿ ಕರೆಂಟ್ ಮೀಟರಿನ ಅಂಕಿ ಓದುವ ಹಾಗೆ ಒಂದು ಫೋಟೊ. ಎಲ್ಲವನ್ನೂ ಅಲ್ಲೇ ನಿಂತು ಅವರಿಗೆ ವಾಟ್ಸ್ಆ್ಯಪ್ ಮಾಡಿ. ಇಬ್ಬರ ಫೋನಿನಲ್ಲೂ ಅದೇ ತಾರೀಕು ಉಳಿಯುತ್ತದೆ. ಖಾಲಿ ಮಾಡುವ ದಿನ ಇದೇ ವಿಡಿಯೊ ಹಾಕಿಕೊಂಡು ಮತ್ತೆ ಸುತ್ತಿ, ಅಡ್ವಾನ್ಸ್ ಲೆಕ್ಕ ಅಲ್ಲೇ ಮುಗಿಯುತ್ತದೆ.

ಕರೆಂಟ್ ಅಂದಾಗ ನೆನಪಾಯಿತು. ಗೃಹಜ್ಯೋತಿಗೆ ಒಬ್ಬರ ಆಧಾರ್‌ನಲ್ಲಿ ಒಂದೇ ಮೀಟರ್. ಬೆಂಗಳೂರಿನ ಮೀಟರಿಗೆ ನಿಮ್ಮ ಆಧಾರ್ ಜೋಡಿಸಿದ್ದರೆ ಶಿವಮೊಗ್ಗದ ಮನೆಗೆ ಅದೇ ಆಧಾರ್‌ನಲ್ಲಿ ಸಿಗುವುದಿಲ್ಲ. ಬಾಡಿಗೆಯವರೂ ಈ ಯೋಜನೆಗೆ ಅರ್ಹರು, ಅವರ ಆಧಾರ್ ಜೋಡಿಸಲು ಹೇಳಿ. ಅವರು ಮನೆ ಬಿಡುವಾಗ ಸೇವಾ ಸಿಂಧುವಿನಲ್ಲಿ ಅದನ್ನು ಬಿಡಿಸಿದ್ದಾರಾ ಅಂತ ನೋಡಿಯೇ ಅಡ್ವಾನ್ಸ್ ಕೊಡಿ. ಇಲ್ಲದಿದ್ದರೆ ಮುಂದೆ ಬರುವವರು ನಿಮ್ಮನ್ನೇ ಕಾಡುತ್ತಾರೆ.

ತೆರಿಗೆ ವಿಷಯ ಹೆಚ್ಚಿಲ್ಲ. ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು ಉಳಿದ ಬಾಡಿಗೆಯಲ್ಲಿ ಶೇ 30ರಷ್ಟನ್ನು ರಿಪೇರಿ ಇತ್ಯಾದಿ ಲೆಕ್ಕಕ್ಕೆ ಹಾಗೇ ಬಿಡುತ್ತಾರೆ, ಬಿಲ್ ಕೇಳುವುದಿಲ್ಲ. ಏಜೆಂಟ್ ಕಮಿಷನ್‌ಗೆ ಅಂತ ಬೇರೆ ವಿನಾಯಿತಿ ಇಲ್ಲ. ಬಾಡಿಗೆಯವರು ಕೆಲಸದಲ್ಲಿದ್ದರೆ ನಿಮ್ಮ ಪ್ಯಾನ್ ಕೇಳುತ್ತಾರೆ, ಕೊಡಿ. ಕೊಡದವರಿಗೆ ಒಳ್ಳೆ ಬಾಡಿಗೆಯವರು ಸಿಗುವುದು ಕಷ್ಟ.

ಬಾಡಿಗೆ ಏರಿಸುವ ವಿಚಾರದಲ್ಲಿ ಏಜೆಂಟ್ ಮಾತು ಕೇಳಬೇಡಿ. ಮನೆಗೆ ಹೊಸಬರು ಬಂದರೆ ಅವರಿಗೆ ಕಮಿಷನ್, ಅಲ್ವಾ? ಶೇ 5ರಷ್ಟು ಏರಿಸಿದರೆ ನಿಮಗೆ ತಿಂಗಳಿಗೆ 1,100, ವರ್ಷಕ್ಕೆ 13,200. ಅದೇ ಸಿಟ್ಟಿಗೆ ಬಾಡಿಗೆಯವರು ಬಿಟ್ಟು ಹೋಗಿ ಮನೆ ಒಂದೇ ಒಂದು ತಿಂಗಳು ಖಾಲಿ ಬಿದ್ದರೆ 22 ಸಾವಿರ ಹೋಯಿತು. ಮೇಲೆ ಕಮಿಷನ್. ಸರಿಯಾಗಿ ಬಾಡಿಗೆ ಕೊಡುವ, ಮನೆ ಚೊಕ್ಕಟವಾಗಿ ಇಟ್ಟುಕೊಂಡವರಿಗೆ ಒಂದು ವರ್ಷ ಏರಿಸದೆ ಬಿಟ್ಟರೂ ನಷ್ಟವಿಲ್ಲ.

ಈಗ ಯಜಮಾನರ ಕಾಲುಭಾಗ. ಸಂಪಿನ ಮೋಟಾರು ಕೆಟ್ಟಾಗ, ರಾತ್ರಿ ಪೈಪ್ ಒಡೆದಾಗ ಶಿವಮೊಗ್ಗದಿಂದ ಓಡಿ ಬರಲು ಆಗುವುದಿಲ್ಲ. ಅದಕ್ಕೆ ಅಲ್ಲೊಬ್ಬರು ನಂಬಿಕಸ್ಥರು ಬೇಕು. ಅದೇ ಅಪಾರ್ಟ್‌ಮೆಂಟಿನಲ್ಲಿರುವ ಮಾಲೀಕರು ಯಾರಾದರೂ ಆದರೆ ಚೆನ್ನ. ಅವರ ಹತ್ತಿರ ಒಂದು ಕೀ, ಒಬ್ಬ ಪ್ಲಂಬರ್ ಮತ್ತು ಒಬ್ಬ ಎಲೆಕ್ಟ್ರಿಷಿಯನ್ ನಂಬರ್ ಇರಲಿ. ಕೆಲಸದವರಿಗೆ ದುಡ್ಡು ನೀವೇ ಯುಪಿಐನಲ್ಲಿ ಹಾಕಿ. ಅಂಥವರು ಯಾರೂ ಸಿಗಲಿಲ್ಲ ಅಂದರೆ ಏಜೆಂಟನ್ನೇ ಉಳಿಸಿಕೊಳ್ಳುವುದು ಮೇಲು. ಆದರೆ ಬಾಡಿಗೆ, ಅಡ್ವಾನ್ಸ್, ಅಗ್ರಿಮೆಂಟ್ ಮೂರೂ ನಿಮ್ಮ ಹೆಸರಲ್ಲಿ, ನಿಮ್ಮ ಖಾತೆಯಲ್ಲೇ ಇರಲಿ.

ಪ್ರಶ್ನೆ: ನಾನು ಮಸ್ಕತ್‌ನಲ್ಲಿದ್ದೇನೆ. ಮಂಗಳೂರಿನ ಮನೆಯನ್ನು 18 ಸಾವಿರಕ್ಕೆ ಬಾಡಿಗೆಗೆ ಕೊಡುವವನಿದ್ದೇನೆ. ಅಣ್ಣ ನೋಡಿಕೊಳ್ಳುತ್ತೇನೆ ಅಂದಿದ್ದಾನೆ. ನಾನು ಸಹಿ ಮಾಡಲು ಬರಲೇಬೇಕಾ? ತೆರಿಗೆ ಏನಾದರೂ ಇದೆಯಾ?
– ಓದುಗರು, ಮಸ್ಕತ್

ಉತ್ತರ: ಬರಬೇಕಿಲ್ಲ. ಅಣ್ಣನ ಹೆಸರಿಗೆ ಒಂದು ಪವರ್ ಆಫ್ ಅಟಾರ್ನಿ, ಅಂದರೆ ನಿಮ್ಮ ಪರವಾಗಿ ಸಹಿ ಮಾಡುವ ಅಧಿಕಾರಪತ್ರ ಬರೆದು, ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಿ. ಅದು ಭಾರತ ತಲುಪಿದ ಮೂರು ತಿಂಗಳೊಳಗೆ ಇಲ್ಲಿನ ಸ್ಟ್ಯಾಂಪ್ ಶುಲ್ಕ ಕಟ್ಟಿಸಬೇಕು. ಎಷ್ಟೋ ಜನ ಇದನ್ನು ಮರೆತು ಕೋರ್ಟಿನಲ್ಲಿ ಒದ್ದಾಡುತ್ತಾರೆ. ಬಾಡಿಗೆಗೆ ಕೊಡುವುದು, ಬಾಡಿಗೆ ವಸೂಲಿ, ನೋಟಿಸ್, ಬಿಲ್ಲುಗಳು, ಇಷ್ಟಕ್ಕೆ ಮಾತ್ರ ಅಧಿಕಾರ ಬರೆಯಿರಿ. ಮಾರಾಟದ ಮಾತು ಅದರಲ್ಲಿ ಬೇಡ. ಅಣ್ಣನ ಮೇಲೆ ಅನುಮಾನ ಅಂತಲ್ಲ, ಇಂಥ ಕಾಗದ ಇನ್ನೊಬ್ಬರ ಕೈಗೆ ಸಿಗುವುದು ಬೇಡ ಅಂತ.

ತೆರಿಗೆಯಲ್ಲಿ ಒಂದು ಗೋಜಲಿದೆ. ಮಾಲೀಕರು ಇಲ್ಲೇ ಇರುವವರಾದರೆ, ಬಾಡಿಗೆ ತಿಂಗಳಿಗೆ 50 ಸಾವಿರ ದಾಟಿದರೆ ಮಾತ್ರ ಮನೆಯ ಬಾಡಿಗೆದಾರರು ಟಿಡಿಎಸ್ (ಬಾಡಿಗೆ ಕೊಡುವಾಗಲೇ ಕಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕು, ಅದೂ ಶೇ 2. ಮಾಲೀಕರು ಎನ್‌ಆರ್‌ಐ ಆದರೆ ಆ 50 ಸಾವಿರದ ಮಿತಿ ಅನ್ವಯಿಸುವುದಿಲ್ಲ. 18 ಸಾವಿರವಾದರೂ ಶೇ 30, ಅದರ ಮೇಲೆ ಸೆಸ್, ಒಟ್ಟು ಶೇ 31.2. ಅಂದರೆ ನಿಮ್ಮ ಕೈಗೆ ಬರುವುದು 12,384. ನಿಮ್ಮ ಆದಾಯ ಕಡಿಮೆ ಇದ್ದರೆ ರಿಟರ್ನ್ಸ್ ಸಲ್ಲಿಸಿ ಉಳಿದದ್ದನ್ನು ವಾಪಸ್ ಪಡೆಯಬಹುದು. ಕಡಿಮೆ ದರದಲ್ಲಿ ಹಿಡಿಯಲಿ ಅಂತ ಇಲಾಖೆಯಿಂದ ಮೊದಲೇ ಪ್ರಮಾಣಪತ್ರವನ್ನೂ ತರಬಹುದು. ಬಾಡಿಗೆದಾರರಿಗೆ ಇದನ್ನು ಮೊದಲೇ ಹೇಳಿ, ತೆರಿಗೆ ಹಿಡಿಯದಿದ್ದರೆ ದಂಡ ಬೀಳುವುದು ಅವರಿಗೆ. ಹಣ ನಿಮ್ಮ ಎನ್‌ಆರ್‌ಒ ಖಾತೆಗೆ, ಅಂದರೆ ಎನ್‌ಆರ್‌ಐಗಳು ಇಲ್ಲಿನ ಆದಾಯ ಇಡುವ ಬ್ಯಾಂಕ್ ಖಾತೆಗೆ ಬರಲಿ. ಅಣ್ಣನ ಖಾತೆಗೆ ಹಾಕಿಸಿಕೊಂಡರೆ ಸುಲಭ ಅಂತ ಕಾಣಬಹುದು, ನಾಳೆ ಅದು ಅವರ ಆದಾಯ ಅಂತ ನೋಟಿಸ್ ಬಂದರೆ?

ಮಂಗಳೂರಿನ ಮನೆ ಅಂದಮೇಲೆ ಇನ್ನೊಂದು. ಮೇ ತಿಂಗಳಲ್ಲೇ ಅಣ್ಣನಿಗೆ ಒಮ್ಮೆ ಛಾವಣಿ, ಟೆರೇಸಿನ ನೀರು ಹೋಗುವ ಕಿಂಡಿ, ಕಿಟಕಿಯ ಮೇಲಿನ ಸಜ್ಜ ನೋಡಲು ಹೇಳಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕೆಲಸದವರು ಸಿಗುವುದಿಲ್ಲ.

ಪ್ರಶ್ನೆ: ಮೈಸೂರಿನಲ್ಲಿ ನಮ್ಮ ಮನೆಯ ಮಹಡಿ ಬಾಡಿಗೆಗೆ ಕೊಟ್ಟಿದ್ದೇನೆ, ತಿಂಗಳಿಗೆ 9 ಸಾವಿರ. ಅಗ್ರಿಮೆಂಟ್ ಹೋದ ವರ್ಷವೇ ಮುಗಿದಿದೆ. ಮೂರು ತಿಂಗಳಿಂದ ಬಾಡಿಗೆ ಇಲ್ಲ. ನೀರು, ಕರೆಂಟ್ ನಿಲ್ಲಿಸಲಾ? 12 ವರ್ಷ ಇದ್ದರೆ ಮನೆ ಅವರದೇ ಆಗುತ್ತದಂತೆ, ನಿಜವಾ?
– ಓದುಗರು, ಮೈಸೂರು

ಉತ್ತರ: ನೀರು, ಕರೆಂಟ್ ಮುಟ್ಟಬೇಡಿ ಸಾರ್. ಬೀಗವನ್ನೂ ಹಾಕಬೇಡಿ. ಬಲವಂತವಾಗಿ ಹೊರಹಾಕಿದರೆ ಅವರು ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಮತ್ತೆ ಒಳಗೆ ಬರಬಹುದು. ಆಗ ಬಾಕಿ ಕೊಡಬೇಕಾದವರು ದೂರುದಾರರಾಗುತ್ತಾರೆ, ನೀವು ಆರೋಪಿಯ ಜಾಗದಲ್ಲಿ.

12 ವರ್ಷದ ಮಾತು ಬಾಡಿಗೆಯವರಿಗೆ ಅನ್ವಯಿಸುವುದಿಲ್ಲ. ನಿಮ್ಮ ಒಪ್ಪಿಗೆಯಿಂದ ಬಾಡಿಗೆಗೆ ಬಂದವರು ಎಷ್ಟು ವರ್ಷ ಇದ್ದರೂ ಬಾಡಿಗೆಯವರೇ.

ಅಗ್ರಿಮೆಂಟ್ ಮುಗಿದ ಮೇಲೂ ನೀವು ಬಾಡಿಗೆ ತೆಗೆದುಕೊಳ್ಳುತ್ತಾ ಬಂದಿದ್ದೀರಿ, ಹಾಗಾಗಿ ಅದು ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಅಂತಾಗಿದೆ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ನಿಮ್ಮದಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಬೇರೆ ಒಪ್ಪಂದ ಇಲ್ಲದಿದ್ದರೆ ಅದರ ಪ್ರಕಾರ 15 ದಿನದ ನೋಟಿಸ್ ಸಾಕು. ವಕೀಲರಿಂದಲೇ ಬರೆಸಿ, ತಲುಪಿದ ಪುರಾವೆ ಉಳಿಯುವ ಹಾಗೆ ಅಂಚೆಯಲ್ಲಿ ಕಳಿಸಿ. ಆಮೇಲೂ ಬಿಡದಿದ್ದರೆ ಸಿವಿಲ್ ಕೋರ್ಟು, ಅಲ್ಲಿ ತಡ ಆಗುತ್ತದೆ. ಆದ್ದರಿಂದ ಅಡ್ವಾನ್ಸ್ ಪೂರ್ತಿ ಕರಗುವವರೆಗೆ ಕಾಯಬೇಡಿ, ಈಗಲೇ ಶುರು ಮಾಡಿ.

ನೋಟಿಸ್ ಹೋದ ಮೇಲೆ ಅವರು ಒಂದು ತಿಂಗಳ ಬಾಡಿಗೆ ತಂದುಕೊಟ್ಟರೆ ಸುಮ್ನೆ ಜೇಬಿಗೆ ಹಾಕಿಕೊಳ್ಳಬೇಡಿ. ನೋಟಿಸನ್ನು ನೀವೇ ಕೈಬಿಟ್ಟಿರಿ ಅಂತ ವಾದ ಬರುತ್ತದೆ. ಹಳೇ ಬಾಕಿಗೆ ಜಮಾ ಮಾಡಿಕೊಂಡಿದ್ದೇನೆ, ನೋಟಿಸ್ ಹಾಗೇ ಜಾರಿಯಲ್ಲಿದೆ ಅಂತ ರಸೀದಿಯಲ್ಲಿ ಬರೆದು, ಅದರ ಒಂದು ಪ್ರತಿಗೆ ಅವರ ಸಹಿ ಹಾಕಿಸಿ ಇಟ್ಟುಕೊಳ್ಳಿ.