ಹಾಯಿದೋಣಿಯ ಪ್ರೊಪೆಲ್ಲರ್‌ಗೆ ಕಡಲಕಳೆ ಅಥವಾ ಹಗ್ಗ ಸುತ್ತಿಕೊಂಡರೆ ಏನು ಮಾಡಬೇಕು?

ಸುತ್ತಿಕೊಂಡಿರುವುದು ಕಳೆಯೋ ಹಗ್ಗವೋ ಎಂಬುದನ್ನು ಮೊದಲು ಅಂದಾಜು ಮಾಡಬೇಕು, ಏಕೆಂದರೆ ಎರಡಕ್ಕೂ ಉಪಾಯ ಒಂದೇ ಅಲ್ಲ. ದೋಣಿಯ ವೇಗ ನಿಧಾನವಾಗಿ ಕುಗ್ಗಿ, ಹೊಸದಾಗಿ ನಡುಕ ಕಾಣಿಸಿಕೊಂಡರೆ ಅದು ಸಾಮಾನ್ಯವಾಗಿ ಕಳೆ. ಎಂಜಿನ್ ಒಮ್ಮೆಲೇ ನಿಂತುಹೋದರೆ ಹಗ್ಗ ಅಥವಾ ಮೀನುಬಲೆ ಇರುವ ಸಂಭವ ಹೆಚ್ಚು.

ಕಳೆಯಾದರೆ ಗೇರನ್ನು ನ್ಯೂಟ್ರಲ್‌ಗೆ ತಂದು, ದೋಣಿ ನಿಂತ ಮೇಲೆ ಕೆಲವು ಕ್ಷಣ ರಿವರ್ಸ್ ಕೊಟ್ಟರೆ ಬಹುಪಾಲು ಬಿಚ್ಚಿಕೊಳ್ಳುತ್ತದೆ. ಅದೇ ಕಳೆ ಎಂಜಿನ್ ತಂಪಾಗಿಸುವ ನೀರಿನ ಒಳದಾರಿಯನ್ನೂ ಮುಚ್ಚಬಲ್ಲದು. ಹಿಂಬದಿಯಿಂದ ನೀರು ಸರಿಯಾಗಿ ಹೊರಬರದಿದ್ದರೆ ಎಂಜಿನ್ ನಿಲ್ಲಿಸಿ, ಸೀ-ಕಾಕ್ (ಕಡಲ ನೀರು ಒಳಬರುವ ದಾರಿಯ ಕವಾಟ) ಮುಚ್ಚಿ, ಸ್ಟ್ರೇನರ್ (ಆ ನೀರಿನ ಕಸ ತಡೆಯುವ ಜಾಲರಿ) ಶುಚಿಗೊಳಿಸಬೇಕು.

ಹಗ್ಗವಾದರೆ ಎಂಜಿನ್ನನ್ನು ಕೂಡಲೇ ನಿಲ್ಲಿಸಬೇಕು. ಬಲವಂತವಾಗಿ ತಿರುಗಿಸಿದರೆ ಹಗ್ಗ ಇನ್ನಷ್ಟು ಬಿಗಿದು, ಶಾಫ್ಟ್ (ಪ್ರೊಪೆಲ್ಲರನ್ನು ತಿರುಗಿಸುವ ದಂಡ), ಅದರ ಆಧಾರ ಮತ್ತು ನೀರು ಒಳಬರದಂತೆ ತಡೆಯುವ ಸೀಲ್‌ಗಳಿಗೆ ಹಾನಿಯಾಗಬಹುದು. ಹಾಯಿ ಇರುವುದರಿಂದ ಗಾಬರಿಪಡಬೇಕಿಲ್ಲ: ಗಾಳಿಯಿದ್ದರೆ ಹಾಯಿ ಏರಿಸಿ ಶಾಂತ ನೀರಿಗೆ ಸಾಗಬಹುದು, ಆದರೆ ಗಾಳಿ ದಡದ ಕಡೆಗೆ ತಳ್ಳುತ್ತಿದ್ದು ಹಾಯಿಯಿಂದ ದೂರ ಸರಿಯಲಾಗದಿದ್ದರೆ ಮೊದಲು ಲಂಗರು ಇಳಿಸುವುದೇ ವಿವೇಕ. ಹಗ್ಗದ ತುದಿ ಕೈಗೆ ಸಿಕ್ಕರೆ ಅದನ್ನು ಮೆಲ್ಲನೆ ಎಳೆಯುತ್ತಾ, ಎಂಜಿನ್ ನಿಂತಿರುವಾಗಲೇ ಶಾಫ್ಟನ್ನು ಕೈಯಿಂದ ಹಿಮ್ಮುಖವಾಗಿ ತಿರುಗಿಸಿ ನೋಡಬಹುದು.

ನೀರಿಗಿಳಿಯುವುದು ಕೊನೆಯ ದಾರಿ. ಕೀಲಿ ತೆಗೆದಿಟ್ಟು, ಹಾಯಿಗಳನ್ನು ಇಳಿಸಿ, ಮೇಲೊಬ್ಬರು ಕಾವಲಿದ್ದಾಗ ಮಾತ್ರ ಹಲ್ಲಿನ ಅಲಗಿನ ಚಾಕುವಿನೊಂದಿಗೆ ಇಳಿಯಬೇಕು. ದೋಣಿ ಅಲೆಗಳಿಗೆ ಏರಿಳಿಯುತ್ತಿದ್ದರೆ ಹಿಂಭಾಗ ತಲೆಗೆ ಬಡಿಯುವ ಅಪಾಯವಿರುವುದರಿಂದ, ಈಜು ಎಷ್ಟೇ ಚೆನ್ನಾಗಿ ಬಂದರೂ ಇಳಿಯಬಾರದು. ಎಳೆದೊಯ್ಯಲು ನೆರವು ಕೇಳುವುದು ಮೇಲು. ಬಿಡಿಸಿದ ನಂತರ ಶಾಫ್ಟ್ ಸೀಲ್‌ನ ಬಳಿ ನೀರು ಜಿನುಗುತ್ತಿದೆಯೇ ಎಂದು ಪರೀಕ್ಷಿಸಿ.