ಕಾರ್ಟೂನ್‌ಗೆ ಸ್ಕೆಚ್ ಪೆನ್ನಿನಲ್ಲಿ ಬಣ್ಣ ತುಂಬಿದರೆ ಕಪ್ಪು ಗೆರೆ ಯಾಕೆ ಹರಡುತ್ತದೆ?

ಕಪ್ಪು ಗೆರೆಯನ್ನು ಮೊದಲೇ ಎಳೆಯುವುದರಿಂದ. ಅದನ್ನು ಕೊನೆಗೆ ಎಳೆಯಿರಿ, ಅಷ್ಟೇ. ಮಕ್ಕಳ ಸ್ಕೆಚ್ ಪೆನ್ನಿನ ಶಾಯಿ ಸಾಮಾನ್ಯವಾಗಿ ನೀರಿನಲ್ಲಿ ಕರಗುವಂಥದ್ದು. ಒಣಗಿದ್ದರೂ ಹಳದಿ ಪೆನ್ನಿನ ತೇವ ತಾಗಿದರೆ ಕಪ್ಪು ಮತ್ತೆ ಕರಗುತ್ತದೆ. ಹಳದಿ ಪೆನ್ನಿನ ತುದಿಯೂ ಹಾಳು.

ನಮ್ಮ ಕೋಲಾರದ ಕಡೆಯವರಾದರೆ ಶ್ರೀನಿವಾಸಪುರದ ಮಾವಿನಹಣ್ಣಿಗೇ ಕಣ್ಣು, ಕೈಕಾಲು ಕೊಟ್ಟು ನೋಡಿ. ಪೆನ್ಸಿಲ್ಲಿನಲ್ಲಿ ತೆಳುವಾಗಿ ಮೊಟ್ಟೆಯಾಕಾರ, ಮೂತಿ ಸ್ವಲ್ಪ ಓರೆ. ದೊಡ್ಡ ಕಣ್ಣುಗಳನ್ನು ಅರ್ಧಕ್ಕಿಂತ ಕೆಳಗಿಡಿ, ಮುಖ ಮಗುವಿನ ಹಾಗೆ ಮುದ್ದಾಗಿ ಕಾಣುತ್ತದೆ. ಕಣ್ಣಿನೊಳಗೆ ಬಿಳಿ ಚುಕ್ಕೆ ಬಿಡುವುದನ್ನು ಮಾತ್ರ ಮರೀಬೇಡಿ, ಜೀವ ಬರುವುದೇ ಅಲ್ಲಿ. ಆಮೇಲೆ ಮೈಗೆ ಹಳದಿ, ಕೆನ್ನೆಗೆ ಕೇಸರಿ, ಎಲೆಗೆ ಹಸಿರು. ತಿಳಿ ಬಣ್ಣವೇ ಮೊದಲು. ಪೂರ್ತಿ ಒಣಗಿದ ಮೇಲೆ ಕಪ್ಪು. ಒಂದೇ ಕಡೆ ಜಾಸ್ತಿ ತಿಕ್ಕಬೇಡಿ, ಹಾಳೆ ಎದ್ದು ಬರುತ್ತದೆ.