ಮೆಕ್ಕೆಜೋಳದ ಕೌಂಟಿಗೆ ಬರುವ ಮುಂಚೆ

ಅಮೆರಿಕದ ಬ್ಲೂಮಿಂಗ್ಟನ್‌ಗೆ ಕೆಲಸಕ್ಕೆ ಬರುವವರು ಸಾಮಾನ್ಯವಾಗಿ ಮನೆ ಬಾಡಿಗೆ, ಶಾಲೆ, ಚಳಿ ಬಗ್ಗೆ ಕೇಳುತ್ತಾರೆ. ನೀವು ಮಂಡ್ಯದ ರೈತರ ಮನೆಯವರು. "ಅಲ್ಲಿ ಸರ್ಕಾರ ರೈತರಿಗೆ ಸುಮ್ನೆ ದುಡ್ಡು ಕೊಡುತ್ತಂತೆ, ನಮ್ಮ ಬೆಂಬಲ ಬೆಲೆ ಥರಾನಾ?" ಅಂತ ಕೇಳಿದ್ದೀರಿ. ಖುಷಿಯಾಯ್ತು. ಬಾಡಿಗೆ ವಿಷಯ ಆಮೇಲೆ ಮಾತಾಡೋಣ.

ಇಲಿನಾಯ್ ರಾಜ್ಯದಲ್ಲಿ ನೆಲದ ವಿಸ್ತೀರ್ಣದಲ್ಲಿ ಎಲ್ಲಕ್ಕಿಂತ ದೊಡ್ಡದು ನಮ್ಮ ಮೆಕ್ಲೀನ್ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಊರು ದಾಟಿದರೆ ಬರೀ ಮೆಕ್ಕೆಜೋಳ, ಸೋಯಾ. ನಮ್ಮಲ್ಲಿ ಬೆಂಬಲ ಬೆಲೆ ಅಂದರೆ ಸರ್ಕಾರವೇ ರಾಗಿ ಕೊಳ್ಳುತ್ತದೆ, ಅಲ್ವಾ? ಇಲ್ಲಿನ ಯೋಜನೆಯಲ್ಲಿ ಸರ್ಕಾರ ಒಂದು ಕಾಳೂ ಕೊಳ್ಳುವುದಿಲ್ಲ. ರೈತ ತನ್ನ ಮೆಕ್ಕೆಜೋಳವನ್ನು ಎಲಿವೇಟರ್‌ಗೆ, ಅಂದರೆ ದೊಡ್ಡ ಧಾನ್ಯದ ಗೋದಾಮಿಗೆ, ಮಾರುಕಟ್ಟೆ ಬೆಲೆಗೇ ಮಾರುತ್ತಾನೆ. ಕಾನೂನಿನಲ್ಲಿ ಒಂದು ಬೆಲೆ ಬರೆದಿಟ್ಟಿದ್ದಾರೆ. ಮೆಕ್ಕೆಜೋಳಕ್ಕೆ ಅದು ಬುಶೆಲ್‌ಗೆ, ಅಂದರೆ ಸುಮಾರು 25 ಕೆಜಿಗೆ, 3.70 ಡಾಲರ್ ಇತ್ತು. 2025ರ ಕಾನೂನು ಅದನ್ನು 4.10 ಮಾಡಿತು. ಹಿಂದಿನ ವರ್ಷಗಳ ಬೆಲೆ ಚೆನ್ನಾಗಿದ್ದರೆ ಲೆಕ್ಕದಲ್ಲಿ ಅದು ಇನ್ನೂ ಸ್ವಲ್ಪ ಏರುವುದೂ ಉಂಟು. ದೇಶದ ವರ್ಷದ ಸರಾಸರಿ ಬೆಲೆ ಆ ಮಟ್ಟಕ್ಕಿಂತ ಕೆಳಗೆ ಬಿದ್ದರೆ ಮಾತ್ರ ವ್ಯತ್ಯಾಸ ಕೊಡುತ್ತಾರೆ. ಅದೂ ಕೊಯ್ಲಾದ ಮರುವರ್ಷದ ಅಕ್ಟೋಬರ್‌ನಲ್ಲಿ!

ನನಗೆ ಇಲ್ಲೊಬ್ಬರು ಹಿರಿಯ ರೈತರು ಪರಿಚಯ. ಒಂದು ದಿನ ಅಡುಗೆಮನೆ ಮೇಜಿನ ಮೇಲೆ ಒಂದು ಕಾಗದ ಬಿಡಿಸಿ ತೋರಿಸಿದರು. ನಮ್ಮ ಪಹಣಿ ಇದ್ದ ಹಾಗೆ. ಪ್ರತಿ ಜಮೀನಿಗೂ 'ಬೇಸ್ ಎಕರೆ' ಅಂತ ಬರೆದಿತ್ತು. ಹಿಂದಿನ ವರ್ಷಗಳಲ್ಲಿ ಆ ನೆಲದಲ್ಲಿ ಏನು ಬಿತ್ತಿದ್ದರು ಅನ್ನೋದರ ದಾಖಲೆ ಅದು. ಈ ವರ್ಷ ಅವರು ಸೋಯಾ ಹಾಕಿದ್ದರೂ ಮೆಕ್ಕೆಜೋಳದ ಬೇಸ್ ಇದ್ದರೆ ಮೆಕ್ಕೆಜೋಳದ ಲೆಕ್ಕದಲ್ಲೇ ದುಡ್ಡು, ಅದೂ 85% ಎಕರೆಗೆ ಮಾತ್ರ. ಬೆರಳಿಟ್ಟು ತೋರಿಸಿದರೂ ನನಗೆ ಅರ್ಥವಾಗಲು ಎರಡು ಕಪ್ ಕಾಫಿ ಬೇಕಾಯ್ತು.

ಇದಕ್ಕೆ ಬದಲಾಗಿ ಇನ್ನೊಂದು ಯೋಜನೆ ಆರಿಸಿಕೊಳ್ಳಬಹುದು. ಅದರಲ್ಲಿ ಇಡೀ ಕೌಂಟಿಯ ಸರಾಸರಿ ಇಳುವರಿ, ದೇಶದ ಸರಾಸರಿ ಬೆಲೆ ಸೇರಿಸಿ ಆದಾಯ ನೋಡುತ್ತಾರೆ, ಅದು ಕುಸಿದರೆ ಮಾತ್ರ ದುಡ್ಡು. ಅವರು ಅದನ್ನೇ ಆರಿಸಿದ್ದ ಒಂದು ವರ್ಷ ಅವರ ಕಡೆ ಮಳೆ ಕೈಕೊಟ್ಟಿತು, ಕೌಂಟಿಯ ಉಳಿದ ಕಡೆ ಚೆನ್ನಾಗಿ ಬಿತ್ತು. ಸರಾಸರಿ ಒಳ್ಳೆಯದಿತ್ತು, ಹಾಗಾಗಿ ಅವರಿಗೆ ಅದರಿಂದ ಒಂದು ಸೆಂಟೂ ಬರಲಿಲ್ಲ. ಕೈಹಿಡಿದಿದ್ದು ಬೆಳೆ ವಿಮೆ. ಅದರ ಕಂತಿನಲ್ಲೂ ಸರ್ಕಾರದ ಪಾಲಿದೆ.

ನನಗೆ ಸಂಕಟವಾಗುವುದು ಗೇಣಿ ವಿಷಯ. ಇಲ್ಲಿ ಜಮೀನು ತುಂಬಾ ಮಟ್ಟಿಗೆ ಗೇಣಿಗೇ ಉಳುವುದು. ನಗದು ಗೇಣಿಯಾದರೆ ಸಹಾಯಧನ ಉಳುವವನ ಹೆಸರಿಗೇ ಬರುತ್ತದೆ, ನಿಜ. ಆದರೆ ಅದು ಬರುತ್ತದೆ ಅಂತ ಗೊತ್ತಾದರೆ ಒಡೆಯ ಗೇಣಿ ಏರಿಸುತ್ತಾನೆ. ದೂರದ ಪಟ್ಟಣದಲ್ಲಿರುವ ಒಡೆಯನಿಗೆ ದುಡ್ಡು, ಮಣ್ಣಿನಲ್ಲಿ ದುಡಿಯುವವನಿಗೆ ಸಾಲ. ಟೊಮೆಟೊ, ಬದನೆ ಬೆಳೆದು ಸಂತೆಗೆ ತರುವವರಂತೂ ಈ ಸಹಾಯಧನದ ಪಟ್ಟಿಯಲ್ಲೇ ಇಲ್ಲ. ಇದು ತಪ್ಪು ಅಂತಲೇ ನನಗನ್ನಿಸುತ್ತದೆ.

ಆಫೀಸಿನಲ್ಲಿ ಯಾರಾದರೂ "ರೈತರಿಗೆ ಬಿಟ್ಟಿ ದುಡ್ಡು" ಅಂದರೆ ತಲೆಯಾಡಿಸಬೇಡಿ. ಅಕ್ಟೋಬರ್ ಹೊತ್ತಿಗೆ ಬನ್ನಿ, ರಾತ್ರಿ ಹತ್ತಕ್ಕೂ ದೀಪ ಹಾಕಿಕೊಂಡು ಕೊಯ್ಲು ಮಾಡುತ್ತಿರುತ್ತಾರೆ. ಆ ಹಿರಿಯ ರೈತರ ಹೊಲಕ್ಕೆ ಕರೆದುಕೊಂಡು ಹೋಗುತ್ತೇನೆ. ಮಂಡ್ಯದ ಕಬ್ಬಿನ ಬಗ್ಗೆ ಅವರು ಕೇಳೇ ಕೇಳುತ್ತಾರೆ. ನಿಮ್ಮ ಅಪ್ಪನ ಹತ್ತಿರ ಎಕರೆಗೆ ಎಷ್ಟು ಟನ್ ಅಂತ ವಿಚಾರಿಸಿಕೊಂಡು ಬನ್ನಿ.